ಹೆಂಡತಿಯ ಅಲರ್ಜಿ, ನನ್ನ ಹೆಬ್ಬೆರಳು

ನನ್ನ ಹೆಂಡತಿಗೆ ಕಡಲೆಕಾಯಿ ಆಗುವುದಿಲ್ಲ. ಆಗುವುದಿಲ್ಲ ಎಂದರೆ ಮೈ ಕೆರೆದುಕೊಂಡು ಸುಮ್ಮನಾಗುವ ಅಲರ್ಜಿಯಲ್ಲ. ಒಂದು ಚೂರು ಬಾಯಿಗೆ ಬಿದ್ದರೂ ಗಂಟಲು ಕಟ್ಟಿ ಉಸಿರೇ ನಿಲ್ಲುವಂಥದ್ದು. ಮದುವೆಯಾದ ಹೊಸದರಲ್ಲಿ ಒಮ್ಮೆ ಅವಳ ತುಟಿ ಊದಿ ಮುಖ ನೀಲಿಗಟ್ಟಿದಾಗ ನಾನು ಗರಬಡಿದವನಂತೆ ನಿಂತಿದ್ದೆ. ಆಸ್ಪತ್ರೆಗೆ ಸಾಗಿಸಿದವರು ಪಕ್ಕದ ಮನೆಯವರು. ಅಂದು ಅಂಟಿದ ಭಯ ನನ್ನನ್ನು ಇನ್ನೂ ಬಿಟ್ಟಿಲ್ಲ.

ಹಾಗಾಗಿ ಅಲರ್ಜಿ ಅವಳದು, ಆಡಳಿತ ನನ್ನದು. ನಾನು ಅಚ್ಚುಮನೆಯಲ್ಲಿ ಕರಡು ತಿದ್ದುವವನು. ಬಿಸ್ಕತ್ತಿನ ಪೊಟ್ಟಣದ ಮೇಲಿನ ಇರುವೆಯಂಥ ಅಕ್ಷರಗಳನ್ನೆಲ್ಲ ಭೂತಗನ್ನಡಿ ಹಿಡಿದು ಓದಿದ ಮೇಲೆಯೇ ಅದಕ್ಕೆ ನಮ್ಮ ಮನೆಯಲ್ಲಿ ಪ್ರವೇಶ. (ಅಂಗಡಿಯವನು ನನ್ನನ್ನು ಕಂಡರೆ ಷಟರ್ ಎಳೆಯಲು ನೋಡುತ್ತಾನೆ.)

"ರೀ, ನೀವು ಹೀಗೆ ನನ್ನ ತುತ್ತನ್ನೇ ನೋಡ್ತಾ ಕೂತ್ರೆ ಹಸಿವೇ ಸತ್ತುಹೋಗುತ್ತೆ," ಎನ್ನುತ್ತಾಳೆ.

"ಹಸಿವು ಸತ್ರೆ ಪರವಾಗಿಲ್ಲ," ಎನ್ನುತ್ತೇನೆ. ಮುಂದಿನ ಮಾತು ನನ್ನ ಬಾಯಿಂದ ಹೊರಡುವುದಿಲ್ಲ.

ಇನ್ನು ಸೂಜಿಯ ವಿಷಯ. ಅಲರ್ಜಿ ಕೆರಳಿದ ಕೂಡಲೇ ತೊಡೆಗೆ ಚುಚ್ಚಬೇಕಾದ, ಪೆನ್ನಿನಂತಿರುವ ಆ ಪ್ರಾಣರಕ್ಷಕ ಮಹಾಸ್ತ್ರಕ್ಕೆ ನನ್ನ ಅರ್ಧ ಸಂಬಳ ಬೇಕು. ವರ್ಷ ಕಳೆದರೆ ಬಳಸದಿದ್ದರೂ ಬಿಸಾಡಬೇಕು. ಡಾಕ್ಟರಮ್ಮ ಎರಡು ಇಟ್ಟುಕೊಳ್ಳಿ ಎಂದಿದ್ದರು. ಒಂದನ್ನೇ ಸರಿಯಾಗಿ ಚುಚ್ಚಿದರಾಯಿತಲ್ಲ ಎಂದು ನಾನು ಒಂದೇ ಕೊಂಡು, ಹೆಂಡತಿಯ ಚೀಲದಲ್ಲಿಟ್ಟೆ. ಎರಡನೆಯದು ನನ್ನ ಬಳಿ ಇದೆ ಎಂದೇ ಅವಳು ನಂಬಿದ್ದಳು. ಜತೆಗೆ ಬಂದ ಸೂಚನಾಪತ್ರವನ್ನು ಮಾತ್ರ ಬಾಯಿಪಾಠವಾಗುವಷ್ಟು ಓದಿ, ಅದರಲ್ಲಿದ್ದ ಅಚ್ಚಿನ ತಪ್ಪುಗಳನ್ನು ಕೆಂಪು ಶಾಯಿಯಲ್ಲಿ ತಿದ್ದಿ ಕಂಪನಿಗೂ ಕಳಿಸಿದೆ.

"ಒಂದ್ಸಲ ಕೈಯಲ್ಲಿ ಹಿಡಿದಾದ್ರೂ ನೋಡಿ," ಎಂದಳು ಹೆಂಡತಿ.

"ಅರ್ಧ ಸಂಬಳದ ವಸ್ತುನ ಆಟಕ್ಕೆ ಹಿಡಿಯೋದಾ?"

ಹೋದ ತಿಂಗಳು ನನ್ನ ಅಕ್ಕನ ಮನೆಗೆ ಹೋದೆವು. ಚಪ್ಪಲಿ ಬಿಡುವ ಮೊದಲೇ ಬಾಗಿಲಲ್ಲಿ ನಿಂತು, "ಮನೇಲಿ ಕಡಲೆಕಾಯಿ ಇಲ್ಲ ತಾನೆ?" ಎಂದು ವಾಡಿಕೆಯ ವಿಚಾರಣೆ ನಡೆಸಿದೆ. ಹೆಂಡತಿ ನೆಲ ನೋಡುತ್ತಾ ನಿಂತಿದ್ದಳು. ಅಕ್ಕ ಚಹಾ, ಬಿಸ್ಕತ್ತು ತಂದಿಟ್ಟಳು. ಹೆಂಡತಿ ಒಂದು ಬಿಸ್ಕತ್ತು ಕಚ್ಚಿ, ಮೇಲೆ ಚಹಾ ಗುಟುಕರಿಸಿದಳು. ಆಗ ನನಗೆ ಹೊಳೆಯಿತು: ಬಿಸ್ಕತ್ತು ಬಂದದ್ದು ಸ್ಟೀಲಿನ ಡಬ್ಬಿಯಿಂದ. ಪೊಟ್ಟಣವನ್ನು ನಾನು ಓದಿಯೇ ಇಲ್ಲ.

"ನುಂಗಬೇಡ" ಎಂದು ಕಿರುಚಿದೆ.

ಅವಳು ಬೆಚ್ಚಿಬಿದ್ದಳು. ಚಹಾ ನೆತ್ತಿಗೇರಿತು. ಕೆಮ್ಮಿ ಕೆಮ್ಮಿ ಮುಖ ಕೆಂಪಾಯಿತು, ಕಣ್ಣಲ್ಲಿ ನೀರು ಬಂತು, ಮಾತು ಹೊರಡದೆ ಕೈ ಬೀಸಿದಳು. (ಬೇಡ ಬೇಡ ಎನ್ನುತ್ತಿದ್ದಳಂತೆ. ನನಗದು ಕೊನೆಯ ವಿದಾಯದಂತೆ ಕಂಡಿತು.)

ಈ ಸಲ ನಾನು ಸುಮ್ಮನೆ ನಿಲ್ಲಲಿಲ್ಲ. ಅವಳ ಚೀಲದಿಂದ ಸೂಜಿ ಎಳೆದು, ಮುಚ್ಚಳ ಕಿತ್ತು, ಮೇಲಿನ ತುದಿಗೆ ಹೆಬ್ಬೆರಳಿಟ್ಟು, ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಅವಳ ತೊಡೆಗೆ ಒತ್ತಿದೆ. ಟಿಕ್ ಎಂದಿತು. ನಾನು ಅದನ್ನು ತಲೆಕೆಳಗಾಗಿ ಹಿಡಿದಿದ್ದೆ; ಸೂಜಿ ಹೊರಬಂದದ್ದು ಮೇಲಿನ ತುದಿಯಿಂದ, ನೇರ ನನ್ನ ಹೆಬ್ಬೆರಳಿಗೆ.

ಹೆಂಡತಿಯ ಕೆಮ್ಮು ತಟ್ಟನೆ ನಿಂತಿತು. "ಏನ್ರೀ ಮಾಡ್ಕೊಂಡ್ರಿ?" ಎಂದಳು, ಗಂಟಲು ಒಂದಿಷ್ಟೂ ಕಟ್ಟದೆ.

"ಅವಳಿಗೆ ಅಂತಲೇ ನಾನೇ ಓದಿ ತಂದ ಬಿಸ್ಕತ್ತು ಕಣೋ ಅದು," ಎಂದಳು ಅಕ್ಕ.

ಔಷಧ ಇಳಿದ ನನ್ನ ಬೆರಳು ಸುಣ್ಣದಂತೆ ಬಿಳಿಚಿಕೊಂಡಿತು. ಎದೆ ದಡದಡ ಹೊಡೆದುಕೊಳ್ಳತೊಡಗಿತು. ಹೆಂಡತಿಯೇ ಕಾರು ಓಡಿಸಿ ನನ್ನನ್ನು ಆಸ್ಪತ್ರೆಗೆ ಮುಟ್ಟಿಸಿದಳು.

ಡಾಕ್ಟರಮ್ಮ ನನ್ನ ಬೆರಳನ್ನು ಬಿಸಿನೀರಿನಲ್ಲಿ ಅದ್ದಿಸಿ, "ಸೂಚನೆ ಓದಿರಲಿಲ್ವಾ?" ಎಂದು ಕೇಳಿದರು.

"ಓದಿದ್ದಾರೆ," ಎಂದಳು ಹೆಂಡತಿ. "ತಿದ್ದಿದ್ದಾರೆ ಕೂಡ."

"ಸರಿ, ಎರಡನೇ ಸೂಜಿ ಇದೆಯಲ್ಲ?"

ನಾನು ಬಿಸಿನೀರನ್ನೇ ನೋಡುತ್ತಾ ಕೂತೆ. ಹೆಂಡತಿಯ ನಗು ಇಂಗಿತು. ಅವಳ ಮುಖದಲ್ಲಿ ಭಯವಿತ್ತು. ಅಲರ್ಜಿಯ ಭಯವೆಲ್ಲ ನನ್ನೊಬ್ಬನದೇ ಎಂದು ಇಷ್ಟು ವರ್ಷ ಮೆರೆದಿದ್ದೆ. ಅವಳು ತನ್ನದನ್ನು ಸದ್ದಿಲ್ಲದೆ ಹೊತ್ತುಕೊಂಡಿದ್ದಳು. ನನಗೆ ನಾಚಿಕೆಯಾಯಿತು.

ಈಗ ಮನೆಗೆ ಎರಡು ಸೂಜಿ ಬಂದಿವೆ, ನನ್ನ ಇಡೀ ಸಂಬಳ ಹೋಗಿದೆ. ನಿನ್ನೆ ಮತ್ತೆ ಅಕ್ಕನ ಮನೆಗೆ ಹೋದೆವು. ನಾನು ಬಾಗಿಲಲ್ಲಿ ಬಾಯಿ ತೆರೆಯುವ ಮೊದಲೇ ಹೆಂಡತಿ ಎರಡೂ ಸೂಜಿಗಳಿದ್ದ ತನ್ನ ಚೀಲವನ್ನು ಅಕ್ಕನ ಕೈಗೆ ಕೊಟ್ಟಳು.

"ಅತ್ತಿಗೆ, ನನ್ನ ಹತ್ರ ಕಡಲೆಕಾಯಿ ತರಬೇಡಿ. ಇವರ ಹತ್ರ ಈ ಚೀಲ ಬಿಡಬೇಡಿ."