ಮಾವನವರ ಕಾಗದವನ್ನು ತಿದ್ದಿದ್ದು

ನಾನು ಕಾರ್ಕಳದ ಒಂದು ಹೈಸ್ಕೂಲಿನಲ್ಲಿ ಕನ್ನಡ ಪಂಡಿತ. ಎಪ್ಪತ್ತರ ದಶಕದ ಕೊನೆಯಲ್ಲಿ ನನ್ನ ಮದುವೆ ನಿಶ್ಚಯವಾದಾಗ, ಈ ಮದುವೆಯಲ್ಲಿ ಏನಾದರೂ ತಪ್ಪಾಗುವುದಿದ್ದರೆ ಅದು ಬೇರೆಯವರ ಕೈಯಿಂದಲೇ ಆಗಬೇಕು ಎಂಬ ದೃಢ ನಂಬಿಕೆ ನನಗಿತ್ತು. ನನ್ನ ಕೈಯಿಂದ ತಪ್ಪೇ? ಕೆಂಪು ಶಾಯಿಯ ಪೆನ್ನು ಇರುವುದೇ ನನ್ನ ಕೈಯಲ್ಲಿ!

ಹುಡುಗಿ ಕಾಪುವಿನವಳು, ಹೆಸರು ವಾರಿಜ. ಅವಳ ತಂದೆ ಎರಡು ದೋಣಿಗಳ ಯಜಮಾನರು. ಕಡಲಿನ ವಿಷಯದಲ್ಲಿ ಅವರೇ ಪಂಡಿತರು, ಕನ್ನಡ ಬರವಣಿಗೆಯಲ್ಲಿ ಮಾತ್ರ ನಾಲ್ಕನೆಯ ಕ್ಲಾಸಿಗೆ ನಿಂತವರು. ಎರಡೂ ಮನೆಗಳಲ್ಲಿ ಆಡುವುದು ತುಳು. ಆದರೂ ಅಳಿಯನಾಗುವವನು ಪಂಡಿತನೆಂಬ ಗೌರವದಿಂದ, ಮದುವೆಗೆ ಹತ್ತು ದಿನವಿರುವಾಗ ನನಗೊಂದು ಕಾರ್ಡನ್ನು ಕಷ್ಟಪಟ್ಟು ಕನ್ನಡದಲ್ಲೇ ಬರೆದಿದ್ದರು.

'ಮೂರ್ತ ಹನ್ನೊಂದು ಮುಕ್ಕಾಲಕ್ಕೆ. ದಿಬ್ಬಣ ಬೇಗ ಬರುವುದು. ಬರುವಾಗ ಎಂಟು ಅಟ್ಟೆ ತರುವುದು. ನಿಮಗೆ ದಾರಿಯಲ್ಲೇ ಸಿಗುತ್ತದೆ. ಮರೆತರೆ ನಮ್ಮ ಮಾನ ಹೋದೀತು.'

ನನ್ನ ಪೆನ್ನು ತಾನಾಗಿಯೇ ತೆರೆದುಕೊಂಡಿತು. 'ಮೂರ್ತ'ವನ್ನು 'ಮುಹೂರ್ತ' ಮಾಡಿದೆ. ಆಮೇಲೆ 'ಅಟ್ಟೆ' ಎದುರಾಯಿತು. ನನಗೆ ಗೊತ್ತಿದ್ದ ಅಟ್ಟೆ ಚಪ್ಪಲಿಯ ತಳದಲ್ಲಿರುವುದು. ಅದು ಎಂಟು ಇಲ್ಲದಿದ್ದರೆ ಯಾರ ಮಾನ ಹೋಗುತ್ತದೆ? ಹಾಗಾಗಿ ಇದು 'ಅತ್ತೆ'ಯೇ ಸರಿ ಎಂದು ತೀರ್ಮಾನಿಸಿದೆ. ಕಾಪುವಿನ ಕಡೆ ವರನ ಜೊತೆ ಎಂಟು ಮಂದಿ ಅತ್ತೆಯರು ಬರುವ ಸಂಪ್ರದಾಯ ಇದ್ದೀತು. ಅದಕ್ಕೆ ಸರಿಯಾಗಿ ನನ್ನ ಅತ್ತೆಯರ ಮನೆಗಳೂ ಬೆಳ್ಮಣ್ಣು, ಶಿರ್ವ ಎಂದು ಆ ದಾರಿಯಲ್ಲೇ ಇದ್ದವು! 'ತರುವುದು' ಎಂಬುದನ್ನು 'ಕರೆತರುವುದು' ಮಾಡಿದೆ, 'ಸಿಗುತ್ತದೆ'ಯನ್ನು 'ಸಿಗುತ್ತಾರೆ' ಮಾಡಿದೆ. ಅಭ್ಯಾಸಬಲದಿಂದ ಕೆಳಗೆ ಹತ್ತಕ್ಕೆ ನಾಲ್ಕು ಅಂಕವನ್ನೂ ಹಾಕಿದೆ.

ಅಮ್ಮನಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಅವಳಿಗೆ ತುಳುವಿನಲ್ಲಿ, 'ಎಣ್ಮ ಜನ ಮಾಮಿ', ಎಂದರೆ ಎಂಟು ಮಂದಿ ಅತ್ತೆಯರು, ಬೇಕಂತೆ ಎಂದು ವಿವರಿಸಿದೆ. ಕಾಗದವನ್ನು ಇದ್ದ ಹಾಗೆ ಓದಿ ಹೇಳಿದ್ದರೆ ಅವಳು ಅಲ್ಲಿಯೇ ನನ್ನನ್ನು ಕಾಪಾಡುತ್ತಿದ್ದಳು. ನನ್ನ ಅನುವಾದ ಆ ಬಾಗಿಲನ್ನೂ ಮುಚ್ಚಿತು.

ಅಪ್ಪನ ತಂಗಿಯರು ಇಬ್ಬರು, ಸೋದರಮಾವಂದಿರ ಹೆಂಡತಿಯರು ಮೂವರು. ಉಳಿದ ಮೂವರಿಗಾಗಿ ನಾನು ಶಾಲೆಗೆ ರಜೆ ಹಾಕಿ ಸೈಕಲ್ಲಿನಲ್ಲಿ ತಿರುಗಿದೆ. ದೂರದ ಸಂಬಂಧದಲ್ಲಿ ಇಬ್ಬರು ಸಿಕ್ಕಿದರು. ಎಂಟನೆಯವರು ಎಲ್ಲಿಯೂ ಸಿಗದೆ, ಮಣಿಪಾಲದಲ್ಲಿದ್ದ ನನ್ನ ಸಹೋದ್ಯೋಗಿಯ ತಾಯಿಗೆ ಒಂದು ದಿನದ ಮಟ್ಟಿಗೆ ಅತ್ತೆಯಾಗಿ ಬಡ್ತಿ ಕೊಟ್ಟೆ. ಎಲ್ಲಕ್ಕಿಂತ ಕಷ್ಟವಾದದ್ದು ಅಪ್ಪನ ಸ್ವಂತ ತಂಗಿಯರದ್ದು. ಬೆಳ್ಮಣ್ಣಿನ ಅತ್ತೆಗೂ ಶಿರ್ವದ ಅತ್ತೆಗೂ ಒಂದು ಹಲಸಿನ ಮರದ ವಿಷಯದಲ್ಲಿ ಆರು ವರ್ಷಗಳಿಂದ ಮಾತಿರಲಿಲ್ಲ. ಒಬ್ಬರು ಬಂದರೆ ಇನ್ನೊಬ್ಬರಿಲ್ಲ. ಇಬ್ಬರ ಕಾಲನ್ನೂ ಹಿಡಿದೆ. ಬಸ್ಸಿನಲ್ಲಿ ಒಬ್ಬರನ್ನು ಡ್ರೈವರನ ಬೆನ್ನಿಗೆ, ಇನ್ನೊಬ್ಬರನ್ನು ಕಟ್ಟಕಡೆಯ ಸೀಟಿಗೆ ಕೂರಿಸುವುದೆಂದು ಒಪ್ಪಂದವಾಯಿತು.

ಮದುವೆಯ ದಿನ ದಿಬ್ಬಣದ ಬಸ್ಸು ಶಿರ್ವ ದಾಟಿ ಶಂಕರಪುರಕ್ಕೆ ಬಂದಾಗ, ತಿರುವುಗಳಿಗೆ ತಲೆಸುತ್ತಿದ ಒಬ್ಬ ಅತ್ತೆಗಾಗಿ ಬಸ್ಸು ನಿಲ್ಲಿಸಬೇಕಾಯಿತು. ನಿಂತದ್ದು ಒಂದು ಮನೆಯ ಎದುರಿಗೇ. ಜಗಲಿಯಲ್ಲಿ ನಾಲ್ಕೈದು ಹೆಂಗಸರು ಕುಳಿತು ಮಲ್ಲಿಗೆ ಕಟ್ಟುತ್ತಿದ್ದರು. ಪರಿಮಳ ಬಸ್ಸಿನ ಒಳಗೇ ಬಂತು. ಅಮ್ಮ ನನ್ನ ತೋಳು ಮುಟ್ಟಿ, ಸ್ವಲ್ಪ ಹೂ ತೆಗೆದುಕೊಳ್ಳುವ ಎಂದಳು. ಹೂವಿನ ಪ್ರಸ್ತಾಪ ಕಾಗದದಲ್ಲಿ ಇಲ್ಲವೆಂದು ನಾನು ತಿಳಿಸಿದೆ. ಈಗಾಗಲೇ ತಡವಾಗಿದೆ ಎಂದು ಡ್ರೈವರನನ್ನು ಗದರಿಸಿ ಹೊರಡಿಸಿದ್ದೂ ನಾನೇ!

ಕಾಪುವಿನಲ್ಲಿ ವಾರಿಜಳ ಮನೆಯಂಗಳದಲ್ಲೇ ಚಪ್ಪರ. ಮಾವನವರು ಶಲ್ಯ ಹೊದ್ದು ಗೇಟಿನ ಬಳಿ ಕಾಯುತ್ತಿದ್ದರು. ನಾನು ಇಳಿದೊಡನೆ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದರು.

"ಮಾಸ್ಟ್ರೇ, ಎಂಟೂ ಬಂತಲ್ಲ?"

"ಎಂಟೂ ಉಂಟು," ಎಂದೆ.

"ಬಾಡಲಿಲ್ಲ ಅಲ್ವಾ?"

"ಬಸ್ಸಿನಲ್ಲಿ ಸ್ವಲ್ಪ ಬಾಡಿದ್ದಾರೆ. ಮಜ್ಜಿಗೆ ಕೊಟ್ಟರೆ ಸರಿಯಾಗ್ತದೆ."

ಮಾವನವರು ನನ್ನನ್ನೇ ನೋಡಿದರು. "ಮಜ್ಜಿಗೆ ಎಂತಕ್ಕೆ? ನೀರು ಚಿಮುಕಿಸಿ ಕತ್ತಲೆ ಕೋಣೆಯಲ್ಲಿಟ್ಟರೆ ಸಾಕು."

ಅಷ್ಟರಲ್ಲಿ ಎಂಟು ಮಂದಿ ಅತ್ತೆಯರು ಸಾಲಾಗಿ ಇಳಿದು ಬಂದು ಅವರೆದುರು ನಿಂತರು. ನಾನು ಒಬ್ಬೊಬ್ಬರನ್ನೇ ಪರಿಚಯಿಸಿದೆ.

ಅಟ್ಟೆ ಎಂದರೇನೆಂದು ಆಗ, ನೂರಾರು ಜನರ ಸಮಕ್ಷಮದಲ್ಲಿ, ನನಗೆ ಕಲಿಸಲಾಯಿತು. ಅದು ಶಂಕರಪುರ ಮಲ್ಲಿಗೆಯ ಅಳತೆ. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಚೆಂಡು ನನಗೆ ಗೊತ್ತಿತ್ತು. ಒಂದು ಚೆಂಡಿಗಿಂತ ಹೆಚ್ಚು ಹೂ ಕೊಳ್ಳುವ ಸಂದರ್ಭ ನಮ್ಮ ಮನೆಯಲ್ಲಿ ಬಂದಿರಲಿಲ್ಲ, ಆದ್ದರಿಂದ ಅಟ್ಟೆಯವರೆಗೆ ನನ್ನ ಪಾಂಡಿತ್ಯ ಏರಿರಲಿಲ್ಲ. ಮದುಮಗಳಿಗೆ, ಅವಳ ಕಡೆಯ ಹೆಂಗಸರಿಗೆಲ್ಲ ಮುಡಿಸಬೇಕಾದ ಹೂ ವರನ ಕಡೆಯಿಂದ ಬರುತ್ತದೆಂದು ಆ ಮನೆಯವರು ಒಂದು ಚೂರೂ ತಂದಿರಲಿಲ್ಲ. ಎಲ್ಲ ಕಡೆ ಮದುವೆಗಳಿದ್ದ ದಿನ, ಕಾಪು ಪೇಟೆಯಲ್ಲಿ ಹೂವಿನ ಬುಟ್ಟಿಗಳು ಬರಿದಾಗಿದ್ದವು. ಉಡುಪಿಗೆ ಹೋಗಿ ಬರುವಷ್ಟರಲ್ಲಿ ಮುಹೂರ್ತ ದಾಟುತ್ತಿತ್ತು.

ಇಲ್ಲಿಗೆ ನಾನು ಸುಮ್ಮನಿದ್ದಿದ್ದರೆ ಆಗುತ್ತಿತ್ತು. ತಪ್ಪು ನನ್ನದಲ್ಲವೆಂದು ತೋರಿಸಲು ಜೇಬಿನಿಂದ ಆ ಕಾರ್ಡನ್ನು ತೆಗೆದು ಮಾವನವರ ಕೈಗೇ ಕೊಟ್ಟೆ.

ಅವರು ತಮ್ಮ ಅಕ್ಷರಗಳ ಮೇಲಿನ ಕೆಂಪು ಗೆರೆಗಳನ್ನು ನೋಡಿದರು. ಕೆಳಗಿನ ಅಂಕವನ್ನೂ ನೋಡಿದರು. ಬಿರುಗಾಳಿಯಲ್ಲಿ ದೋಣಿ ತಿರುಗಿಸಿದ ಮನುಷ್ಯ, ಹೋಗಿ ಚಪ್ಪರದ ಕಂಬಕ್ಕೆ ಒರಗಿ ನಿಂತರು. ನನಗೆ ನಿಜವಾಗಿ ನಾಚಿಕೆಯಾಯಿತು. ಜೀವಮಾನದಲ್ಲಿ ಮೊದಲ ಬಾರಿಗೆ ಆ ಪೆನ್ನನ್ನು ಬಾವಿಗೆ ಎಸೆಯಬೇಕೆನಿಸಿತು. ವಾರಿಜಳ ದೊಡ್ಡಪ್ಪ, ಹೆಣ್ಣು ಕೊಡುವವರನ್ನು ಹೀಗೆ ಬೆಂಚಿನ ಮೇಲೆ ನಿಲ್ಲಿಸುವವನಿಗೆ ಧಾರೆ ಎರೆಯುವುದು ಬೇಕಾ ಎಂದು ಎಲ್ಲರಿಗೂ ಕೇಳುವಂತೆ ಕೇಳಿದರು. ಯಾರೂ ಬೇಕೆನ್ನಲಿಲ್ಲ. ಕಾರ್ಡು ಕೈಯಿಂದ ಕೈಗೆ ಹೋಗಿ ಮದುಮಗಳ ಕೋಣೆಯೊಳಗೆ ಸೇರಿತು.

ನಾನು ಚಪ್ಪರದ ಮೂಲೆಯಲ್ಲಿ ಪೇಟ ಕಟ್ಟಿಕೊಂಡು ಅಪರಾಧಿಯಂತೆ ಕುಳಿತೆ. ಹತ್ತು ನಿಮಿಷವಾದ ಮೇಲೆ ಒಳಗಿನಿಂದ ಬೆಳ್ಮಣ್ಣಿನ ಅತ್ತೆ ಬಂದರು.

"ಹುಡುಗಿ ಕಾರ್ಡು ಓದಿದಳು," ಎಂದರು.

"ಎಂತ ಹೇಳಿದಳು?"

"ಅಪ್ಪನಿಗೆ ಅಂಕ ಕೊಟ್ಟವರಿಗೆ ನಾನು ಅಂಕ ಕೊಡ್ತೇನೆ, ಅದಕ್ಕೆ ಮೊದಲು ಮದುವೆ ಆಗ್ಬೇಕಲ್ಲ, ಹೋಗಿ ಕೂತುಕೊಳ್ಳಲಿ ಅಂತ ಹೇಳಿದಳು."

ಕಂಬದ ಬಳಿಯಿಂದಲೇ ಇದನ್ನು ಕೇಳಿಸಿಕೊಂಡ ಮಾವನವರ ಮುಖದಲ್ಲಿ ಮೊದಲು ನಗೆ ಬಂತು, ಆಮೇಲೆ ಕಣ್ಣಲ್ಲಿ ನೀರು. ನನಗೆ ನೀರು ಮಾತ್ರ ಬಂತು.

ಹೂವಿನ ವಿಷಯ ಉಳಿದಿತ್ತಲ್ಲ? ನನ್ನ ಎಂಟು ಮಂದಿ ಅತ್ತೆಯರು ಸೆರಗು ಸಿಕ್ಕಿಸಿಕೊಂಡು ನೆರೆಕರೆಯ ಹಿತ್ತಿಲುಗಳಿಗೆ ನುಗ್ಗಿದರು. ಅಬ್ಬಲಿಗೆ, ಗೋರಟೆ, ನಂದಬಟ್ಟಲು, ದಾಸವಾಳ, ಕೊನೆಗೆ ತುಳಸಿಯ ಕುಡಿಯೂ ಬಂತು. ಬಾಳೆನಾರು ಸೀಳಿ ಎಲ್ಲರೂ ಕಟ್ಟಲು ಕುಳಿತರು. ಮಾಲೆಯ ಒಂದು ತುದಿಯಿಂದ ಬೆಳ್ಮಣ್ಣಿನ ಅತ್ತೆ, ಇನ್ನೊಂದು ತುದಿಯಿಂದ ಶಿರ್ವದ ಅತ್ತೆ. ಮಾತಿಲ್ಲದೆ ಕಟ್ಟಿದ್ದರಿಂದ ಒಂದು ಅರ್ಧ ಕೇಸರಿ, ಇನ್ನೊಂದು ಅರ್ಧ ಬಿಳಿ. ನಡುವೆ ಗಂಟು ಹಾಕಲು ಮಾತಾಡಲೇಬೇಕಾಯಿತು. ಅವರು ಬೈದುಕೊಂಡದ್ದು ಚಪ್ಪರದವರೆಗೂ ಕೇಳಿಸಿತು.

ಆ ವಿಚಿತ್ರ ಮಾಲೆಯನ್ನು ಮುಡಿದು, ಊರಿನ ಹೆಂಗಸರು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರೂ ತಲೆ ತಗ್ಗಿಸದೆ ವಾರಿಜ ಬಂದಳು. ಹನ್ನೊಂದು ಮುಕ್ಕಾಲಕ್ಕೆ ಸರಿಯಾಗಿ ಮಾವನವರು ನಮ್ಮ ಕೈಗಳ ಮೇಲೆ ಧಾರೆ ಎರೆದರು.

ಹನ್ನೊಂದು ವರ್ಷಗಳಾದವು. ಈಚೆಗೆ ಒಂದು ಸಂಜೆ ಅನ್ನ ಬಸಿಯುತ್ತಿದ್ದವಳ ಹತ್ತಿರ ಧೈರ್ಯ ಮಾಡಿ ಕೇಳಿದೆ, ಅಷ್ಟೆಲ್ಲ ಆದ ಮೇಲೂ ನೀನು ಅವತ್ತು ಯಾಕೆ ಹೊರಗೆ ಬಂದೆ ಎಂದು. ನನ್ನ ವಿದ್ವತ್ತು, ಸರ್ಕಾರಿ ಸಂಬಳ, ಮುಖದ ಕಳೆ ಇವುಗಳಲ್ಲಿ ಯಾವುದಾದರೊಂದು ಬಾಯಿಗೆ ಬಂದೀತೆಂದು ಕಾದೆ.

"ಎಂಟು ಮಂದಿ ಅತ್ತೆಯರನ್ನು, ಅದರಲ್ಲಿ ಇಬ್ಬರು ಮಾತು ಬಿಟ್ಟವರನ್ನು, ಒಂದೇ ಬಸ್ಸಿನಲ್ಲಿ ಕರ್ಕೊಂಡು ಬಂದಿದ್ದೀರಿ. ಅಪ್ಪ ಹೇಳಿದ್ದೆಂದರೆ ಇವರು ಎಂತ ಬೇಕಾದ್ರೂ ಮಾಡ್ತಾರೆ, ತಾಳ್ಮೆ ಉಂಟು ಅಂತ ಗೊತ್ತಾಯ್ತು," ಎಂದಳು ವಾರಿಜ.

"ಮತ್ತೆ ಬುದ್ಧಿ?"

"ಅದು ಒಂದು ಮನೆಯಲ್ಲಿ ಒಬ್ಬರಿಗಿದ್ದರೆ ಸಾಕಲ್ವಾ?"

ಆ ಒಬ್ಬರು ಯಾರೆಂದು ನಾನು ಕೇಳಲಿಲ್ಲ.