ಭಾವನ ತೋಟೆ, ಅಕ್ಕನ ಗಂಜಿ

ಶುಕ್ರವಾರ ಮಧ್ಯಾಹ್ನ, ಕತಾರಿನ ಅಲ್ ರಯ್ಯಾನಿನಲ್ಲಿ ಅಕ್ಕನ ಮನೆ. ಊಟಕ್ಕೆ ಕೂತವರು ಅಕ್ಕ, ಭಾವ, ಅಲ್ ಸದ್ದ್ ಬಡಾವಣೆಯಿಂದ ಹೋದ ನಾನು, ನನ್ನ ಹೆಂಡತಿ. ಐದನೆಯದಾಗಿ ಮೇಜಿನ ನಡುವೆ ಒಂದು ತಕ್ಕಡಿ! ಬೇರೆಯವರ ಮನೆಯಲ್ಲಿ ಆ ಜಾಗದಲ್ಲಿ ಉಪ್ಪಿನಕಾಯಿ ಜಾಡಿ ಇರುತ್ತದೆ. ನಮ್ಮ ಭಾವನಂಥ ಇನ್ನೊಬ್ಬ ಮನುಷ್ಯ ಕತಾರಿನಲ್ಲಿ ಸಿಕ್ಕಿದರೆ ದಯವಿಟ್ಟು ತಿಳಿಸಿ. ಇಬ್ಬರನ್ನೂ ಒಂದು ಕೋಣೆಯಲ್ಲಿ ಕೂರಿಸಿ, ಹೊರಗಿನಿಂದ ಚಿಲಕ ಹಾಕಿ ನಾನು ಊರಿಗೆ ಹೋಗಿಬಿಡುತ್ತೇನೆ.

ಅವರ ಕೆಲಸವೇ ಹಾಗಿತ್ತೆನ್ನಿ. ಅವರ ಅರಬಾಬ್, ಅಂದರೆ ಕೆಲಸ ಕೊಟ್ಟ ಕತಾರಿ ಯಜಮಾನ, ಗುರಿ ಹೊಡೆಯುವ ಹುಚ್ಚಿನವನು. ಅವನ ರೈಫಲ್ಲಿಗೆ ಅಂಗಡಿಯಲ್ಲಿ ಸಿಗುವ ತೋಟೆ ಆಗುವುದಿಲ್ಲ. ಒಂದೊಂದನ್ನೂ ಭಾವ ಕೈಯಲ್ಲೇ ತುಂಬಬೇಕು. ಹಿತ್ತಾಳೆಯ ಖಾಲಿ ತೋಟೆಯನ್ನು ಉಜ್ಜಿ, ಮದ್ದು ತೂಗಿ ಹಾಕಿ, ಮೇಲೆ ಗುಂಡು ಕೂರಿಸಬೇಕು. ಐದು ಹೊಡೆದರೆ ಐದೂ ಒಂದೇ ತೂತಿನಲ್ಲಿ ಹೋದ ಹಾಗೆ ಕಾಣಬೇಕು. ಕಾಣದಿದ್ದರೆ? ಒಂದೇ ಒಂದು ಸಂಗತಿ ಬದಲಿಸಿ ಮತ್ತೆ ಹೊಡೆಯಬೇಕು. ಮದ್ದು ಮುಟ್ಟಿದ ದಿನ ಗುಂಡು ಮುಟ್ಟುವಂತಿಲ್ಲ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಯಾಯಿತೆಂದು ತಿಳಿಯುವುದು ಹೇಗೆ? ಕೊನೆಗೆ ಸರಿಯಾದದ್ದು ಸಿಕ್ಕಿತೋ, ಖಲಾಸ್! ಆಮೇಲೆ ಅದರಲ್ಲಿ ಏನನ್ನೂ ಬದಲಿಸಬಾರದು. ದೇವರೇ ಬಂದು ಕೇಳಿದರೂ!

ಈ ನೇಮವನ್ನು ಅವರು ಕೆಲಸದ ಕೋಣೆಯಲ್ಲೇ ಬಿಟ್ಟು ಬಂದಿದ್ದರೆ ನಾನೇಕೆ ಬರೆಯುತ್ತಿದ್ದೆ? ಮನೆಗೆಂದೇ ಮದ್ದು ತೂಗುವಂಥದ್ದೇ ಇನ್ನೊಂದು ತಕ್ಕಡಿ ತಂದರು. ಅಕ್ಕನ ಬಂಗುಡೆ ಪುಳಿಮುಂಚಿಗೆ ಒಂದು ಶುಕ್ರವಾರ ಹುಳಿ ಮಾತ್ರ ಬದಲು, ಮುಂದಿನ ಶುಕ್ರವಾರ ಮೆಣಸು ಮಾತ್ರ. ಉಣ್ಣಲು ಹೋದ ನಾವು ನೆಂಟರಲ್ಲ, ಗುರಿಹಲಗೆಗಳು!

"ಹೇಗುಂಟು?"

"ಚೆನ್ನಾಗುಂಟು ಭಾವ."

"ಚೆನ್ನಾಗುಂಟು ಅಂದರೆ ಎಂತ ಮಾರಾಯ? ಎಡಕ್ಕೆ ಹೋಯಿತಾ, ಬಲಕ್ಕೆ ಹೋಯಿತಾ?"

"ಹೊಟ್ಟೆಗೆ ಹೋಯಿತು!"

ಕಾರಿನ ಕತೆ ಕೇಳಿ. ಬಿಸಿ ತಾಗಿದರೆ ಮದ್ದಿನ ಗುಣ ಬದಲಾಗುತ್ತದಂತೆ. ಕತಾರಿನ ಬೇಸಿಗೆಯಲ್ಲಿ ಬಿಸಿ ತಾಗದ್ದು ಯಾವುದುಂಟು? ಹಾಗಾಗಿ ತೋಟೆ ಪೆಟ್ಟಿಗೆಗೆ ಎಸಿಯ ಎದುರು ಮುಂದಿನ ಸೀಟು, ಬೆಲ್ಟು ಸಮೇತ. ಅಕ್ಕ ಹಿಂದೆ, ಬೆವರು ಒರೆಸಿಕೊಳ್ಳುತ್ತಾ.

"ಮುಂದಿನ ಜನ್ಮ ಅಂತ ಇದ್ದರೆ ನಾನು ತೋಟೆಯಾಗಿಯೇ ಹುಟ್ಟುವುದು," ಎಂದಳು ಒಮ್ಮೆ.

"ಒಂದೇ ಸಲ ಹೊಡೆದು ಮುಗಿಯುತ್ತದೆ, ಬೇಡ," ಅಂದರು ಭಾವ, ಹಿಂದೆ ತಿರುಗದೆ.

ಆಮೇಲೆ ಅಕ್ಕನಿಗೆ ಕಾಯಿಲೆ ಬಂತು. ಅದರ ಹೆಸರು ಬೇಡ, ನಮ್ಮಲ್ಲಿ ಈಗಲೂ ಯಾರೂ ಹೇಳುವುದಿಲ್ಲ. ಔಷಧಿಯ ಕಾವಿಗೆ ನಾಲಿಗೆಯ ರುಚಿಯೇ ಹೋಯಿತು. ಏನು ಕೊಟ್ಟರೂ ಮಣ್ಣು ತಿಂದ ಹಾಗೆ ಎನ್ನುತ್ತಿದ್ದಳು. ತಿನ್ನದಿದ್ದರೆ ಮುಂದಿನ ಚಿಕಿತ್ಸೆ ದೇಹ ತಾಳಲಾರದು ಎಂದರು ಡಾಕ್ಟರು.

ಭಾವ ರಜೆ ಹಾಕಿ ಅಡುಗೆಮನೆ ಹೊಕ್ಕರು. ಕುಚ್ಚಲಕ್ಕಿ ಗಂಜಿ. ಒಂದು ದಿನ ನೀರು ಹೆಚ್ಚು, ಒಂದು ದಿನ ಜೀರಿಗೆ, ಒಂದು ದಿನ ಕಾಯಿಹಾಲು. ಉಪ್ಪಂತೂ ತೂಗಿಯೇ ಬೀಳಬೇಕು. ಚಮಚ ಬಾಯಿಗಿಟ್ಟು, ದೂರದ ಹಲಗೆಯನ್ನು ದುರ್ಬೀನಿನಲ್ಲಿ ನೋಡುವವರ ಹಾಗೆ ಅವಳ ಮುಖವನ್ನೇ ನೋಡುವರು. ಅಕ್ಕ ಕಷ್ಟಪಟ್ಟು ನುಂಗಿ ಬಟ್ಟಲು ದೂರ ತಳ್ಳುವಳು.

"ಇಲ್ಲ ಅಲ್ವಾ? ಅಡ್ಡಿಯಿಲ್ಲ. ನಾಳೆ ಮೆಂತೆ."

"ಆ ರೈಫಲ್ಲೇ ಪುಣ್ಯವಂತೆ," ಎಂದಳು ಅಕ್ಕ ನನ್ನ ಕಡೆ ತಿರುಗಿ. "ಅದಕ್ಕೆ ಉಗುಳುವ ಕೆಲಸ ಮಾತ್ರ. ನುಂಗಲಿಕ್ಕಿಲ್ಲ."

ನಕ್ಕೆವು. ನಕ್ಕು ಮುಗಿಸುವಷ್ಟು ಉಸಿರು ಅವಳಲ್ಲಿರಲಿಲ್ಲ.

ಒಂದು ಸಂಜೆ, ನಾನು ವೆಸ್ಟ್ ಬೇಯ ಆಫೀಸಿನಿಂದ ಹೊರಡುವಾಗ ಭಾವನ ಫೋನು. "ಸಿಕ್ಕಿತು ಮಾರಾಯ! ಸರಿ ಉಂಟು ಅಂದಳು! ಬಟ್ಟಲು ಪೂರ್ತಿ ಖಾಲಿ!" ಅಂಥ ಕೂಗನ್ನು ಅರಬಾಬ್ ಕಪ್ ಗೆದ್ದ ದಿನವೂ ನಾನು ಕೇಳಿರಲಿಲ್ಲ. ಆವತ್ತಿನಿಂದ ದಿನಾ ಅದೇ ಗಂಜಿ, ಅದೇ ಪಾತ್ರೆ. ಅಕ್ಕನೂ ದಿನಾ ಮುಗಿಸುತ್ತಿದ್ದಳು.

ಒಮ್ಮೆ ಭಾವ ಔಷಧಿ ತರಲು ಹೋಗಿದ್ದಾಗ ಕೇಳಿದೆ, "ಅಂತೂ ರುಚಿ ಬಂತಲ್ಲ ಅಕ್ಕ?"

"ಎಂತ ರುಚಿ? ಅದೇ ಮಣ್ಣು," ಎಂದಳು. "ಇವರ ಕಣ್ಣು ನೋಡಿದ್ದೀಯಾ? ನಾಳೆ ಎಂತ ಬದಲಿಸುವುದು ಅಂತ ರಾತ್ರಿಯಿಡೀ ಎದ್ದು ಕೂರುತ್ತಿದ್ದರು. ಸರಿ ಉಂಟು ಅಂದ ಮೇಲೆ ಮಲಗುತ್ತಿದ್ದಾರೆ. ನೀನು ಬಾಯಿ ಬಿಡಬೇಡ."

ನಾನು ಬಾಯಿ ಬಿಡಲಿಲ್ಲ. ಬೇಸಿಗೆ ಬರುವ ಮೊದಲೇ ಅಕ್ಕ ಹೋದಳು.

ಅವಳ ದೇಹವನ್ನು ಊರಿಗೆ ಒಯ್ದು ಕ್ರಿಯೆಗಳನ್ನೆಲ್ಲ ಮುಗಿಸಿ ಭಾವ ಒಬ್ಬರೇ ಮರಳಿದಾಗ ಏರ್‌ಪೋರ್ಟಿಗೆ ನಾನು ಹೋಗಿದ್ದೆ. ದಾರಿಯಲ್ಲಿ ಮಾತು ಅವರೇ ಶುರು ಮಾಡಿದರು.

"ನಿನ್ನ ಅಕ್ಕನಿಗೆ ರುಚಿ ಬಂದೇ ಇರಲಿಲ್ಲ. ಗೊತ್ತುಂಟಾ?"

ನಾನು ರಸ್ತೆ ನೋಡಿಕೊಂಡೇ ಇದ್ದೆ.

"ನಿನಗೆ ಫೋನ್ ಮಾಡಿದೆನಲ್ಲ, ಆ ದಿನ ಮಧ್ಯಾಹ್ನ ಡಾಕ್ಟರು ನನ್ನನ್ನು ಹೊರಗೆ ಕರೆದು, ಇನ್ನು ಹೆಚ್ಚು ದಿನ ಇಲ್ಲ ಅಂದಿದ್ದರು. ಹೇಗೆ ಗಂಜಿ ಬೇಯಿಸಿದೆನೋ ದೇವರಿಗೇ ಗೊತ್ತು. ಅವಳು ಸರಿ ಉಂಟು ಅಂದಳು. ಕುಣಿದುಬಿಟ್ಟೆ. ಆಮೇಲೆ ಪಾತ್ರೆ ತೊಳೆಯಲು ಹೋಗಿ ನೋಡಿದರೆ, ತೂಗಿದ ಉಪ್ಪು ತಕ್ಕಡಿಯಲ್ಲೇ ಉಂಟು!"

"ಮತ್ತೆ ಮರುದಿನ?"

"ಮರುದಿನವೂ ಹಾಕಲಿಲ್ಲ. ಕೊನೆಯವರೆಗೂ ಹಾಕಲಿಲ್ಲ. ಅವಳು ಸರಿ ಉಂಟು ಅಂದ ಮೇಲೆ ನಾನು ಬದಲಿಸುವುದುಂಟಾ ಮಾರಾಯ?" ನನ್ನ ಕಡೆ ತಿರುಗಿ ಕೇಳಿದರು, "ನಾನು ಮಲಗಲಿ ಅಂತ ಹಾಗೆ ಹೇಳಿದ್ದಲ್ವಾ ಅವಳು?"

"ಹೌದು ಭಾವ."

"ನಾನು ಮಲಗಿದ ಹಾಗೆ ಮಾಡುತ್ತಿದ್ದೆ."

ಮುಂದಿನ ವಾರ ಭಾವ ನಮ್ಮ ಮನೆಗೆ ಊಟಕ್ಕೆ ಬಂದರು. ಉಂಡು ಸೋಫಾಕ್ಕೆ ಒರಗಿದವರಿಗೆ ಹಾಗೆಯೇ ನಿದ್ದೆ ಹತ್ತಿತು. ಗೊರಕೆ ಕೇಳಿ ನನ್ನ ಹೆಂಡತಿ ಟಿವಿ ಆರಿಸಿದಳು. ಸಂಜೆ ಭಾವನ ಮೊಬೈಲಿಗೆ ಅರಬಾಬ್‌ನ ಫೋನು ಬಂತು. ನಾನೇ ಎತ್ತಿ, ಮಲಗಿದ್ದಾರೆ ಎಂದೆ.