ಒಂಬತ್ತು ಅಂಗುಲದ ಬೇಸಾಯ

ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಕಬ್ಬಿಣದ ಅಂಗಡಿ ಇಟ್ಟಿದ್ದ ಗಾದಿಲಿಂಗಪ್ಪ ಯಾವ ಮಾಲನ್ನೂ ಮುಟ್ಟದೆ, ಬರೀ ಕಣ್ಣಿನಿಂದಲೇ ಅದರ ಗುಣ ಹೇಳಬಲ್ಲವನೆಂದು ಹೆಸರಾಗಿದ್ದ. ಆ ಹೆಸರು ಹಬ್ಬಿಸಿದವನು ಅವನೇ. ಅರವತ್ತೆಂಟನೆಯ ಇಸವಿಯಲ್ಲಿ ಅವನು ಅಂಗಡಿಗೆ ಹನ್ನೆರಡು ಕಳೆ ಯಂತ್ರ ತರಿಸಿದ. ಅಂದು ಊಟಕ್ಕೆ ಕೂತವನೇ ಹೆಂಡತಿಯ ಮುಂದೆ ಘೋಷಣೆ ಹೊರಡಿಸಿದ: ಇನ್ನು ಸಿರುಗುಪ್ಪ ಸೀಮೆಯಲ್ಲಿ ಒಬ್ಬ ಹೆಣ್ಣುಮಗಳೂ ಸೊಂಟ ಬಗ್ಗಿಸಿ ಕಳೆ ಕೀಳಬೇಕಿಲ್ಲ!

ಯಂತ್ರವೆಂದರೆ ಉದ್ದನೆಯ ಹಿಡಿ, ಅದರ ತುದಿಗೆ ಹಲ್ಲುಹಲ್ಲಿನ ಎರಡು ಗಾಲಿ. ಭತ್ತದ ಗದ್ದೆಯ ಕೆಸರಿನಲ್ಲಿ ಹಿಂದೆ ಮುಂದೆ ತಳ್ಳಿದರೆ ಸಾಲುಗಳ ನಡುವಿನ ಕಳೆಯನ್ನು ಕಿತ್ತು ಅಲ್ಲೇ ಹೂಳುತ್ತದೆ. ಆದರೆ ಸಾಲಿನಿಂದ ಸಾಲಿಗೆ ಸರಿಯಾಗಿ ಒಂಬತ್ತು ಅಂಗುಲ ಇರಬೇಕು. ಸೊಟ್ಟಗೆ ನೆಟ್ಟರೆ ಕಳೆಗೂ ಬೆಳೆಗೂ ಸಮಾನ ನ್ಯಾಯ.

ಸಿರುಗುಪ್ಪದ ಕಾಲುವೆಯ ಕೆಳಗೆ ಹೆಂಡತಿ ದಾಕ್ಷಾಯಣಮ್ಮನಿಗೆ ತವರಿನಿಂದ ಬಂದ ಎರಡು ಎಕರೆ ಗದ್ದೆಯಿತ್ತು. ಅದರ ಆಡಳಿತವೆಲ್ಲ ಅವಳದೇ. ಮದುವೆಯಾಗಿ ಹನ್ನೆರಡು ವರ್ಷವಾದರೂ ಗಂಡನಿಗೆ ಅಲ್ಲಿ ಒಂದು ಬದು ಸರಿಮಾಡಿಸುವ ಅಧಿಕಾರವೂ ಸಿಕ್ಕಿರಲಿಲ್ಲ. ಗಾದಿಲಿಂಗಪ್ಪ ಈಗ ಪಂದ್ಯ ಕಟ್ಟಿದ. ಹತ್ತು ಸೆಂಟ್ಸ್ ಜಾಗ ತನಗೆ ಬಿಡಬೇಕು. ಯಂತ್ರ ಕೊಳ್ಳಲು ನೋಡಬರುವ ಕುರುಗೋಡಿನ ರೈತರ ಎದುರು ಅದು ಗೆದ್ದರೆ ಗದ್ದೆಯ ಯಜಮಾನಿಕೆ ತನ್ನದು.

"ಸೋತ್ರ?" ಎಂದಳು ದಾಕ್ಷಾಯಣಮ್ಮ, ಸಾರು ಬಡಿಸುತ್ತ.

"ನೀ ಹೇಳಿದ ಕೆಲಸ ಮಾಡ್ತೀನಿ. ಆದ್ರ ನಾಟಿ ಮಾಡೋ ಮುಂದ ನೀನಾಗಲಿ, ನಿನ್ನ ಆಳುಗಳಾಗಲಿ ನಡುವ ಬಾಯಿ ಹಾಕಂಗಿಲ್ಲ."

"ಆತು ಬಿಡ್ರಿ."

ಚೌಕಾಸಿ ಮಾಡದೆ ಒಪ್ಪುವ ಗಿರಾಕಿಯನ್ನು ಕಂಡರೆ ಅಂಗಡಿಯಲ್ಲಿ ಗಾದಿಲಿಂಗಪ್ಪನ ಕಿವಿ ನೆಟ್ಟಗಾಗುತ್ತಿತ್ತು. ಮನೆಯಲ್ಲಿ ಆಗಲಿಲ್ಲ.

ನಾಟಿಯ ದಿನ ಅವನು ಪಂಚೆ ಎತ್ತಿ ಕಟ್ಟಿ, ಅಳತೆಯ ಪಟ್ಟಿ ಹಿಡಿದು, ಒಂಬತ್ತು ಅಂಗುಲಕ್ಕೊಂದು ಕೆಂಪು ಬಟ್ಟೆಯ ಚೂರು ಬಿಗಿದ ಹಗ್ಗದೊಂದಿಗೆ ಗದ್ದೆಗಿಳಿದ. ಆಳುಗಳ ಮುಂದಾಳು ಮೂಕಮ್ಮ ಹೆಂಗಸರ ಜೊತೆ ಮಡಿಯಿಂದ ಸಸಿ ಕಿತ್ತು, ಆರಿಸಿ, ಸಿವುಡು ಕಟ್ಟುತ್ತಿದ್ದಳು. ಮಡಿಯ ಪಕ್ಕದ ಸಿವುಡುಗಳು ಬಡಕಲು, ಹಳದಿ ಬಣ್ಣ. ಬದುವಿನ ಮೇಲೆ ಬೇರೆ ಇಟ್ಟವು ಗೇಣುದ್ದ ಹೆಚ್ಚು, ಕಡುಹಸಿರು, ನೋಡಿದರೆ ದೃಷ್ಟಿಯಾಗಬೇಕು. ವ್ಯಾಪಾರಿಯ ಕಣ್ಣು ಮೋಸ ಹೋದೀತೇ? ಒಳ್ಳೆಯ ಮಾಲನ್ನು ಹಿಂದೆ ಮುಚ್ಚಿಟ್ಟು ಕಳಪೆಯನ್ನು ಮುಂದೆ ಮಾಡುವ ಆಟವನ್ನು ಅವನೇ ದಿನಾ ಆಡುತ್ತಿದ್ದ. ಬದುವಿನ ಮೇಲಿನ ಸಿವುಡುಗಳನ್ನೆಲ್ಲ ಬಾಚಿಕೊಂಡ.

ಮೂಕಮ್ಮ ಬಾಯಿ ತೆರೆದಳು. ದಾಕ್ಷಾಯಣಮ್ಮ ಕಣ್ಣು ಬಿಟ್ಟಳು. ಮೂಕಮ್ಮ ಬಾಯಿ ಮುಚ್ಚಿದಳು. ಆಕೆ ಹೆಸರಿಗೆ ತಕ್ಕಂತೆ ನಡೆದುಕೊಂಡದ್ದು ಜನ್ಮದಲ್ಲಿ ಅದೊಂದೇ ದಿನ.

ಸಂಜೆಯ ಹೊತ್ತಿಗೆ ಹತ್ತು ಸೆಂಟ್ಸ್ ಜಾಗ ಶಾಲೆಯ ಮಕ್ಕಳು ಪ್ರಾರ್ಥನೆಗೆ ನಿಂತಂತೆ ಸಾಲುಗಟ್ಟಿ ನಿಂತಿತ್ತು. ಗಾದಿಲಿಂಗಪ್ಪನ ಸೊಂಟ ಮಾತ್ರ ಮೂರು ದಿನ ನೆಟ್ಟಗಾಗಲಿಲ್ಲ.

ಇಪ್ಪತ್ತು ದಿನ ಕಳೆದ ಮೇಲೆ ಕುರುಗೋಡಿನಿಂದ ಹದಿನೈದು ಮಂದಿ ರೈತರು ಬಸ್ಸಿಳಿದರು. ಅವರಿಗೆ ಒಗ್ಗರಣೆ ಮಂಡಕ್ಕಿ, ಮಿರ್ಚಿ, ಚಹಾ. ಗಾದಿಲಿಂಗಪ್ಪ ಯಂತ್ರ ಹಿಡಿದು ಈ ತುದಿಯಿಂದ ಆ ತುದಿಗೆ ತಳ್ಳಿದ. ಗಾಲಿ ಗರಗರ ತಿರುಗಿತು. ಸಾಲಿನ ನಡುವಿದ್ದದ್ದೆಲ್ಲ ಕೆಸರಿನ ಪಾಲು. ಸಾಲಿನ ಒಂದು ಎಲೆಗೂ ಗಾಯವಿಲ್ಲ. ರೈತರು ಮಿರ್ಚಿ ಕೈಯಲ್ಲೇ ಹಿಡಿದು ಸಾಲುಗಳನ್ನೇ ದಿಟ್ಟಿಸಿದರು. ಬೆರಗಾಗಿದ್ದಾರೆಂದುಕೊಂಡು ಗಾದಿಲಿಂಗಪ್ಪ ಮೀಸೆಯ ಮೇಲಿನ ಕೆಸರು ಒರೆಸಿಕೊಂಡ.

ಹಿರಿಯನಾದ ಹುಲುಗಪ್ಪ ಬದುವಿನಲ್ಲಿ ಕುಕ್ಕರಗಾಲಲ್ಲಿ ಕೂತು, ಒಂದು ಎಲೆ ಕಿತ್ತು, ಅದರ ಬುಡವನ್ನು ಹೊರಳಿಸಿ ನೋಡಿದ.

"ಸಾವ್ಕಾರ್ರ, ಯಂತ್ರಕ್ಕ ಹೆಸರಿಡಾಂಗಿಲ್ಲ. ಭತ್ತ ಎಲ್ಲಿ ಹಚ್ಚೀರಿ?"

"ಸಾಲಿನಾಗ. ಕಾಣಾಂಗಿಲ್ಲೇನು?"

"ಸಾಲಿನಾಗ ಇರೋದು ಊದಾ ರೀ. ಕಸ. ನಡುವ ನಾಲ್ಕು ಬುಡ ಭತ್ತ ಇದ್ವು, ಅವನ್ನ ಈಗ ನೀವು ಹೂಳಿದ್ರಿ."

ಎಳೆಯದಾಗಿದ್ದಾಗ ಥೇಟ್ ಭತ್ತದಂತೆ ಕಾಣುವ ಹುಲ್ಲು ಊದ. ಮಡಿಯಲ್ಲಿ ಸಸಿಯ ಜೊತೆಗೇ ಹುಟ್ಟಿ, ಸಸಿಗಿಂತ ಸೊಂಪಾಗಿ ಬೆಳೆಯುತ್ತದೆ. ಕೀಳುವಾಗಲೇ ಹೆಂಗಸರು ಅದನ್ನು ಆರಿಸಿ, ಎಮ್ಮೆಗೆಂದು ಬದುವಿನ ಮೇಲೆ ಇಡುತ್ತಾರೆ. ಆ ನಾಲ್ಕು ಬುಡ ಭತ್ತ ಪಕ್ಕದ ಪಾತಿಯಿಂದ ತೇಲಿಬಂದು ಬೇರೂರಿದ್ದ ನಿರ್ಭಾಗ್ಯರು.

ಗಾದಿಲಿಂಗಪ್ಪ ಹೆಂಡತಿಯತ್ತ ತಿರುಗಿದ. "ನಿನಗ ಗೊತ್ತಿತ್ತು."

"ಬಾಯಿ ಹಾಕಬ್ಯಾಡ ಅಂದಿದ್ರಲ್ರಿ. ಮ್ಯಾಲ, ಎಮ್ಮಿ ಮೇವನ್ನ ಒಂಬತ್ತು ಅಂಗುಲ ಅಳದು ಹಚ್ಚಿದೋರನ್ನ ನಾ ನೋಡಿರಲಿಲ್ಲ."

ಹದಿನೈದು ಮಂದಿಯೂ ಒಟ್ಟಿಗೆ ನಕ್ಕರು. ಹನ್ನೆರಡು ಯಂತ್ರ ಅಂಗಡಿಯಲ್ಲೇ ತುಕ್ಕು ಹಿಡಿಯುವುದು ಗಾದಿಲಿಂಗಪ್ಪನ ಕಣ್ಣಿಗೆ ಕಟ್ಟಿತು. ಆಗ ದಾಕ್ಷಾಯಣಮ್ಮ ಸೆರಗು ಬಿಗಿದು ಮುಂದೆ ಬಂದಳು. ಯಂತ್ರಕ್ಕೆ ಕಳೆ ಯಾವುದು ಬೆಳೆ ಯಾವುದು ತಿಳಿಯದು, ನಿಮಗೆ ತಿಳಿಯುತ್ತದಲ್ಲ ಎಂದು ರೈತರನ್ನೇ ಕೇಳಿದಳು. ಸಾಲಿನಲ್ಲಿ ಇರಿಸಿದ್ದನ್ನು ಅದು ಎಷ್ಟು ನಾಜೂಕಾಗಿ ಉಳಿಸಿದೆ ನೋಡಿ, ಅಲ್ಲಿ ಭತ್ತ ಇರಿಸಿದರಾಯಿತು ಎಂದಳು. ಮಿರ್ಚಿಯ ಬುಟ್ಟಿ ಬರಿದಾಗುವಷ್ಟರಲ್ಲಿ ಒಂಬತ್ತು ಯಂತ್ರ ಮಾರಾಟವಾದವು. ಹುಲುಗಪ್ಪನೊಬ್ಬನೇ ಎರಡು ಒಯ್ದ.

ಸೋತವನು ಹೇಳಿದ ಕೆಲಸ ಮಾಡಬೇಕಲ್ಲ! ಮರುವರ್ಷ ದಾಕ್ಷಾಯಣಮ್ಮ ಎರಡು ಎಕರೆಯನ್ನೂ ಸಾಲುನಾಟಿಗೆ ಹಚ್ಚಿದಳು, ಗಂಡನದೇ ಕೆಂಪು ಚೂರಿನ ಹಗ್ಗದಿಂದ. ಹಗ್ಗದ ಒಂದು ತುದಿಯನ್ನು ಗೂಟಕ್ಕೆ ಕಟ್ಟಿಸಿ, ಇನ್ನೊಂದು ತುದಿಯನ್ನು ಅವನ ಕೈಗೆ ಕೊಟ್ಟಳು. ಸಸಿಯನ್ನು ಮಾತ್ರ ಮುಟ್ಟಕೂಡದು.

ಬಿಸಿಲೇರಿತು. ಗಾದಿಲಿಂಗಪ್ಪ ಬೆವರು ಒರೆಸಿಕೊಳ್ಳಲು ಒಂದು ಕೈ ಎತ್ತಿದ. ಹಗ್ಗ ಸಡಿಲಾಯಿತು. ಕೆಸರಿನಲ್ಲಿ ಬಗ್ಗಿದ್ದ ಮೂಕಮ್ಮ ತಲೆ ಎತ್ತಿ ನೋಡಿದಳು. ಒಂದು ವರ್ಷ ತಡೆದಿಟ್ಟ ಮಾತು.

"ಗೂಟ ಸುಮ್ನ ನಿಂತೈತಿ. ನಿಮಗೇನಾತ್ರಿ ಸಾವ್ಕಾರ್ರ?"